ಮಲೆನಾಡಿಗೆ ಹೆಂಚಿನ ಮಾಡೋ, ತಾರಸಿಯೋ?

ತುಂಗಾತೀರ: ತೀರ್ಥಹಳ್ಳಿ ಹತ್ತಿರ ಮನೆ ಕಟ್ಟಿಸ್ತಿದೀವಿ. ನನಗೆ ಹೆಂಚಿನ ಮನೆ ಆಸೆ, ಅಪ್ಪ ತಾರಸಿಯೇ ಆಗಬೇಕು ಅಂತಾರೆ. ಯಾವುದು ಸರಿ?

ಜಗಲಿಕಟ್ಟೆ: ಹೆಂಚೇ. ನಮ್ಮ ಹಿರಿಯರು ಸಾವಿರ ವರ್ಷದಿಂದ ಮಂಗಳೂರು ಹೆಂಚಿನಡಿ ಬಾಳಿದ್ದಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುತ್ತೆ. ನಮ್ಮೂರಲ್ಲಿ ತಾರಸಿ ಹಾಕಿಸಿದವರೆಲ್ಲ ಸೋರಿಕೆ ತಾಳಲಾರದೆ ಅದರ ಮೇಲೆ ಮತ್ತೆ ಶೀಟ್ ಹೊದಿಸಿದ್ದಾರೆ. ಒಂದೇ ಮನೆಗೆ ಎರಡು ಮಾಡಿನ ಖರ್ಚು!

ಸೈಟ್‌ಮೇಸ್ತ್ರಿ: "ಸಾವಿರ ವರ್ಷ"? ಆ ಹೆಂಚು ಬಂದದ್ದೇ 1860ರ ದಶಕದಲ್ಲಿ, ಬಾಸೆಲ್ ಮಿಶನ್ ಅನ್ನೋ ಕ್ರೈಸ್ತ ಸಂಸ್ಥೆಯ ಕಾರ್ಖಾನೆಯಿಂದ. ಜರ್ಮನ್ನರ ಯಂತ್ರದ ಮಾಲು. ಅದಕ್ಕೂ ಮೊದಲು ನಿಮ್ಮ ಹಿರಿಯರ ತಲೆ ಮೇಲಿದ್ದದ್ದು ಸೋಗೆ, ಹುಲ್ಲು, ನಾಡಹೆಂಚು.

ಜಗಲಿಕಟ್ಟೆ: ಮಾಲು ಅಂತೀರಲ್ಲ, ಮಣ್ಣು ಯಾರದು ಸ್ವಾಮಿ? ಅದನ್ನು ಹದ ಮಾಡಿ ಸುಟ್ಟವರು ಯಾರು?

ಸೈಟ್‌ಮೇಸ್ತ್ರಿ: ಮಣ್ಣು ನಮ್ಮದಾದರೆ ಸಾಕಾ? ಕಲಬುರಗಿಯ ಸುಣ್ಣಕಲ್ಲಿಂದ ಸಿಮೆಂಟ್ ಆಗುತ್ತೆ. ಹಾಗಾದರೆ ಸ್ಲ್ಯಾಬೂ ದೇಸಿಯೇ.

ಬಿಳಿಜ್ವಾಳ: ತಾರಸಿ ಅಂದ್ರ ಸೋರೂದ ಅನ್ನೂ ಹಂಗ ಮಾತಾಡ್ತೀರಲ್ಲ! ವಿಜಯಪುರ ಕಡೆ ಮ್ಯಾಲ ಮಣ್ಣು ಹಾಸಿದ ಮಟ್ಟಸ ಮಾಳಿಗಿ ಮನಿ ನೋಡೀರೇನು? ಮೇ ತಿಂಗಳ ಮಧ್ಯಾಹ್ನನೂ ಒಳಗ ತಣ್ಣಗಿರತೈತಿ.

ಜಗಲಿಕಟ್ಟೆ: ನಿಮ್ಮಲ್ಲಿ ಮಳೆ ಎಷ್ಟು ಬೀಳುತ್ತೆ ಅಂತ ಮೊದಲು ಹೇಳಿ.

ಬಿಳಿಜ್ವಾಳ: ಮಳಿ ಕಡಿಮಿ ಅದಕ್ಕ ಮಾಳಿಗಿ. ನಾನೂ ಅದನ್ನ ಹೇಳಾಕತ್ತೀನಿ!

ಅಚ್ಚುಮಣ್ಣು: ಇದು ಜರ್ಮನ್ನರ ಜಗಳ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಅನ್ನೋ ಹಳ್ಳಿಗಾಡಿನ ತಂತ್ರಜ್ಞಾನ ಕೇಂದ್ರ 1974ರಲ್ಲಿ ಶುರುವಾಯ್ತು. ಸ್ಥಳದ ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯಲ್ಲಿ ಎಷ್ಟೋ ಮನೆ ಎದ್ದವು. ಸುಡಲು ಸೌದೆ ಬೇಡ. ಹಳೇ ತಿಳಿವಳಿಕೆ ಇವತ್ತಿಗೆ ಹೊಂದೋದು ಅಂದರೆ ಇದು.

ಸೈಟ್‌ಮೇಸ್ತ್ರಿ: "ಸ್ವಲ್ಪ ಸಿಮೆಂಟ್." ಮಣ್ಣಿನ ಮನೆಗೂ ಸಿಮೆಂಟೇ ಗತಿ ಅಂತ ನೀವೇ ಒಪ್ಪಿದಿರಿ.

ಅಚ್ಚುಮಣ್ಣು: ಒಪ್ಪಿಲ್ಲ! ನೂರು ಪಾಲಿಗೆ ಏಳೆಂಟು ಪಾಲು ಅದು. ನಾನು ಸೌದೆ ಅಂದದ್ದು ಕಣ್ಣಿಗೆ ಬೀಳಲಿಲ್ಲವೇ?

ಹೊಸಗದ್ದೆ ಸೊಸೆ: ಗಂಡಸರು ಯಾರೂ ಮಂಗನ ಸುದ್ದಿ ಎತ್ತಲಿಲ್ಲ. ಒಂದು ಹಿಂಡು ಮಾಡಿನ ಮೇಲೆ ಹಾರಿದರೆ ಹತ್ತು ಹೆಂಚು ಹೋಯ್ತು. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು, ಅದಕ್ಕೆ ಈಗ ಆಳು ಸಿಗಲ್ಲ. ನಡುರಾತ್ರಿ ಸೋರೋ ಕಡೆ ಪಾತ್ರೆ ಇಡೋಳು ನಾನು.

ತುಂಗಾತೀರ: ಅಪ್ಪ ಹೇಳೋದೂ ಇದನ್ನೇ ಅಕ್ಕಾ. ಹೆಂಚಿನ ಕೆಳಗೆ ಏನಾದರೂ ಹಾಕಿದರೆ ತಡೆಯುತ್ತಾ?

ಸೈಟ್‌ಮೇಸ್ತ್ರಿ: ಮೊದಲು ಜಗಲಿಕಟ್ಟೆಯವರು ಆ "ಸಾವಿರ ವರ್ಷ" ತೆಗೀಲಿ.

ಜಗಲಿಕಟ್ಟೆ: ನೂರೈವತ್ತು ಅಂತ ಓದಿಕೊಳ್ಳಿ. ಶೀಟ್ ಹೊದಿಸಿಕೊಂಡದ್ದು ನಿಮ್ಮ ತಾರಸಿಯೇ.