ಏಳನೇ ಎಪಿಸೋಡ್‌ನಲ್ಲಿ ಕಥೆ ಸಿಕ್ಕಿಹಾಕಿಕೊಂಡಿದೆ: ಹಿಂದಕ್ಕೆ ಹೋದ ಹುಡುಗ ಮುಳುಗಡೆ ತಪ್ಪಿಸಬಹುದಾ?

ಹಿನ್ನೀರು (ಸಾಗರ)

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ.

ಟೀವಿಗೆ ಹತ್ತು ಎಪಿಸೋಡ್‌ನ ಕಥೆ ಬರೆಯುತ್ತಿದ್ದೇನೆ. ಈಗಿನ ಕಾಲದ ಹುಡುಗನೊಬ್ಬ 1963ಕ್ಕೆ ಹೋಗುತ್ತಾನೆ. ಲಿಂಗನಮಕ್ಕಿ ಡ್ಯಾಂ ಕೆಲಸ ಮುಗಿಯುತ್ತಾ ಬಂದಿರುವ ಸಮಯ. ಅವನ ಅಜ್ಜನ ಊರು ಮುಳುಗಲಿದೆ. ಅದನ್ನು ತಪ್ಪಿಸಲು ಹುಡುಗ ಓಡಾಡುತ್ತಾನೆ. ಆರು ಎಪಿಸೋಡ್ ಸಲೀಸಾಗಿ ಬಂತು. ಏಳನೆಯದರಲ್ಲಿ ಏನು ಬರೆದರೂ ಹಿಂದಿನದಕ್ಕೆ ಹೊಂದುವುದಿಲ್ಲ. ಊರು ಉಳಿಸಿದರೆ ಮೊದಲ ಎಪಿಸೋಡ್ ಸುಳ್ಳಾಗುತ್ತದೆ. ಉಳಿಸದಿದ್ದರೆ ಅವನು ಹೋಗಿದ್ದು ಯಾಕೆ ಅಂತ ಚಾನೆಲ್‌ನವರು ಕೇಳುತ್ತಾರೆ. ಬರೆದು ಹರಿದು, ಬರೆದು ಹರಿದು ಸಾಕಾಗಿದೆ.

ಟೈಮ್ ಟ್ರಾವೆಲ್ ಕಥೆಯಲ್ಲಿ ಆಗಿಹೋದದ್ದು ಬದಲಾಗುತ್ತದಾ, ಇಲ್ಲವಾ? ಒಂದೇ ಮಾತಲ್ಲಿ ಹೇಳಿ, ಸಾಕು.

ತುಂಗಾ ದಡ (ಶಿವಮೊಗ್ಗ)

ಒಂದೇ ಮಾತಲ್ಲಿ: ಇಲ್ಲ.

ಜರ್ಮನ್ ಟೈಮ್ ಟ್ರಾವೆಲ್ ಸೀರೀಸ್ ಡಾರ್ಕ್ ನೋಡಿದ್ದೀರಲ್ಲ. ಮೊದಲ ಸೀಸನ್‌ನಲ್ಲಿ ಉಲ್ರಿಕ್ 1953ಕ್ಕೆ ಹೋಗುತ್ತಾನೆ. ಮಕ್ಕಳು ಕಾಣೆಯಾಗುವುದಕ್ಕೆ ಹೆಲ್ಗೆಯೇ ಕಾರಣ ಅಂತ ನಂಬಿ, ಇನ್ನೂ ಚಿಕ್ಕ ಹುಡುಗನಾಗಿರುವ ಹೆಲ್ಗೆಗೆ ಕಲ್ಲಿನಿಂದ ಹೊಡೆಯುತ್ತಾನೆ. ಹುಡುಗ ಸಾಯುವುದಿಲ್ಲ. 1986ರ ಹೆಲ್ಗೆಯ ಮುಖದ ಗಾಯ ನಮಗೆ ಮೊದಲೇ ತೋರಿಸಿದ್ದರು, ಅದು ಬಂದದ್ದೇ ಆ ಏಟಿನಿಂದ. ತಪ್ಪಿಸಲು ಹೋದವನೇ ಕಾರಣನಾದ.

ನಿಮ್ಮ ಹುಡುಗನೂ ಹಾಗೇ ಆಗಬೇಕು. ಮುಳುಗಡೆ ತಪ್ಪಿಸಲು ಅವನು ಮಾಡಿದ ಕೆಲಸದಿಂದಲೇ ಮುಳುಗಡೆ ಆಗಬೇಕು. ಇದು ಬಿಟ್ಟರೆ ಬೇರೆ ದಾರಿ ಇಲ್ಲ.

ಕೊಡಚಾದ್ರಿ ಗಾಳಿ (ಹೊಸನಗರ)

ಬೇರೆ ದಾರಿ ಇಲ್ಲ ಅಂದರೆ ಹೇಗೆ ಮಾರಾಯ್ರೆ? ಅದೇ ಡಾರ್ಕ್‌ನ ಮೂರನೇ ಸೀಸನ್ ಕೊನೆಗೆ ಏನಾಗುತ್ತದೆ? ಎರಡು ಬೇರೆ ಬೇರೆ ಲೋಕದ ಜೋನಾಸ್ ಮತ್ತು ಮಾರ್ಥಾ, ಆ ಎರಡೂ ಹುಟ್ಟಿದ ಮೂಲ ಲೋಕಕ್ಕೆ ಹೋಗಿ, ಗಡಿಯಾರ ಮಾಡುವ ಟಾನ್‌ಹೌಸ್‌ನ ಮಗ, ಸೊಸೆ, ಮೊಮ್ಮಗುವಿನ ಕಾರು ಅಪಘಾತ ತಪ್ಪಿಸುತ್ತಾರೆ. ಬದಲಾಯಿತಲ್ಲ!

ಕೊರಿಯಾದ ಸಿಗ್ನಲ್ ನೋಡಿ, 2016ರದ್ದು, ಹದಿನಾರು ಎಪಿಸೋಡ್. ವಾಕಿಟಾಕಿಯಲ್ಲಿ ಹಳೇ ಕಾಲದ ಪೊಲೀಸ್ ಜೊತೆ ಈಗಿನವನು ಮಾತಾಡುತ್ತಾನೆ. ಅಲ್ಲಿ ಒಂದು ಬದಲಾದರೆ ಇಲ್ಲಿ ಕೇಸ್ ಫೈಲೇ ಬೇರೆ ಆಗುತ್ತದೆ. ಒಬ್ಬರನ್ನು ಉಳಿಸಿದರೆ ಇನ್ನೊಬ್ಬರು ಸಾಯುತ್ತಾರೆ. ಅದಕ್ಕೇ ಉಸಿರು ಬಿಗಿಹಿಡಿದು ನೋಡುತ್ತೇವೆ. ವಿಜ್ಞಾನದಲ್ಲೂ 1957ರಲ್ಲೇ ಹ್ಯೂ ಎವರೆಟ್ ಕವಲೊಡೆಯುವ ಲೋಕಗಳ ವಿಚಾರ ಹೇಳಿದ್ದಾನೆ. ಊರು ಉಳಿಸಿ ಸ್ವಾಮಿ. ಒಂದು ಕವಲಿನಲ್ಲಿ ಮುಳುಗಿತು, ಇನ್ನೊಂದರಲ್ಲಿ ಉಳಿಯಿತು.

ತುಂಗಾ ದಡ (ಶಿವಮೊಗ್ಗ)

ಮೊದಲನೆಯದಾಗಿ, ಮೂರನೇ ಸೀಸನ್ ನೋಡದವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಕ್ಲೈಮ್ಯಾಕ್ಸ್ ಹೇಳುವ ಮುಂಚೆ ಒಂದು ಎಚ್ಚರಿಕೆ ಹಾಕಬೇಕಿತ್ತು.

ಎರಡನೆಯದಾಗಿ, ಅವರು ಬದಲಿಸಿದ್ದು ಮೂಲ ಲೋಕದ್ದನ್ನು. ಆ ಎರಡು ಲೋಕದ ಒಳಗೆ ಏನೂ ಬದಲಾಗಲಿಲ್ಲ, ಎರಡೂ ಅಳಿಸಿಹೋದವು. ಹಾಗಾಗಿ ನಾನು ಹೇಳಿದ್ದೇ ಸರಿ.

ಕೊಡಚಾದ್ರಿ ಗಾಳಿ (ಹೊಸನಗರ)

ಸೀರೀಸ್ ಮುಗಿದಿದ್ದು 2020ರಲ್ಲಿ. ಇನ್ನೂ ಎಷ್ಟು ವರ್ಷ ಬಾಯಿ ಮುಚ್ಚಿಕೊಂಡಿರಬೇಕು?

ಅಡಿಕೆ ಮಂಡಿ (ಸಾಗರ)

ಲೋಕ ಒಂದೋ ಎರಡೋ ನೀವೇ ಮಾತಾಡಿಕೊಳ್ಳಿ. ಹಿನ್ನೀರು ಅವರು ಹೋದ ತಿಂಗಳು ಇಲ್ಲಿ ಹಾಕಿದ್ದ ಸೀನ್ ಓದಿದ್ದೆ. ಅದರಲ್ಲಿ ಕಂಡಕ್ಟರ್ "ನಾಲ್ಕಾಣೆ ಕೊಡಿ" ಅಂತಾನೆ, ಟಿಕೆಟ್ ಮೇಲೂ ಆಣೆ ಲೆಕ್ಕ ಇದೆ. 1957ರ ಏಪ್ರಿಲ್‌ನಿಂದ ನಯಾಪೈಸೆ ಬಂದಿದೆ. 1963ರ ಟಿಕೆಟ್ ಮೇಲೆ ಆಣೆ ಇರಬಾರದು. ಆಗ ಇದು ಮೈಸೂರು ರಾಜ್ಯ, ಕರ್ನಾಟಕ ಅನ್ನುವ ಹೆಸರು ಬಂದಿದ್ದು 1973ರಲ್ಲಿ. ಕಚೇರಿ ಬೋರ್ಡ್ ಬರೆಸುವಾಗ ನೋಡಿಕೊಳ್ಳಿ.

ಕೊಡಚಾದ್ರಿ ಗಾಳಿ (ಹೊಸನಗರ)

ಅಣ್ಣ, ನಮ್ಮಜ್ಜಿ ಈಗಲೂ ಇಪ್ಪತ್ತೈದು ಪೈಸೆಗೆ ನಾಲ್ಕಾಣೆ ಅಂತಲೇ ಹೇಳುತ್ತಾರೆ. ಕಂಡಕ್ಟರ್ ಬಾಯಲ್ಲಿ ಇದ್ದರೆ ಏನೂ ತಪ್ಪಿಲ್ಲ.

ಅಡಿಕೆ ಮಂಡಿ (ಸಾಗರ)

ಬಾಯಲ್ಲಿ ಇರಲಿ. ಟಿಕೆಟ್ ಮೇಲೆ ಬೇಡ ಅಂದಿದ್ದು.

ಮಳೆಕಾಡು (ತೀರ್ಥಹಳ್ಳಿ)

ಹಿನ್ನೀರು ಅವರೇ, ಮೊದಲ ಎಪಿಸೋಡ್ ಸುಳ್ಳಾಗುತ್ತದೆ ಅಂದಿರಿ. ಅದರಲ್ಲಿ ಏನಿದೆ ಅಂತ ಹೇಳಲೇ ಇಲ್ಲ. ಹುಡುಗ ಯಾವ ದಾರಿಯಲ್ಲಿ ಹಿಂದಕ್ಕೆ ಹೋಗುತ್ತಾನೆ? ಹೋಗುವ ಮುಂಚೆ ಅವನಿಗೆ ಏನೇನು ಗೊತ್ತು? ಅವನ ಅಪ್ಪ ಅಮ್ಮ ಎಲ್ಲಿಯವರು? ಇದು ಗೊತ್ತಾಗದೆ ಯಾರು ಏನು ಹೇಳಿದರೂ ಕತ್ತಲಲ್ಲಿ ಕಲ್ಲು ಹೊಡೆದಂತೆ.

ಹಿನ್ನೀರು (ಸಾಗರ)

ಅಕ್ಕ, ಅದೆಲ್ಲ ಮಾಮೂಲಿ ವಿಷಯ, ಸಮಸ್ಯೆ ಇರುವುದು ಏಳನೆಯದರಲ್ಲಿ. ಆದರೂ ಕೇಳಿದಿರಿ, ಹೇಳುತ್ತೇನೆ.

ಮಳೆ ಕೈಕೊಟ್ಟ ವರ್ಷ. ಹಿನ್ನೀರು ತೀರಾ ಇಳಿದು, ಅದರಲ್ಲಿ ಮುಳುಗಿದ್ದ ಹಳೇ ಮಡೆನೂರು ಡ್ಯಾಂ ಮೇಲೆ ಕಾಣುತ್ತದೆ. ಹುಡುಗ ಅಲ್ಲಿಗೆ ಹೋಗಿ ಸೈಫನ್ ಒಳಗೆ, ಅಂದರೆ ಡ್ಯಾಂನ ಹೆಚ್ಚಿನ ನೀರು ಹೊರಹೋಗುವ ದಾರಿಯೊಳಗೆ, ಇಳಿಯುತ್ತಾನೆ. ಹೊರಗೆ ಬಂದಾಗ 1963. ಅದಕ್ಕೆ ಮುಂಚೆ ಅಜ್ಜನ ಟ್ರಂಕಿನಲ್ಲಿ ಒಂದು ಹಳೇ ಗುಂಪು ಫೋಟೋ ಸಿಕ್ಕಿರುತ್ತದೆ. ಊರು ಬಿಡುವ ಮುಂಚೆ ಸಾಗರದಿಂದ ಫೋಟೋದವರನ್ನು ಕರೆಸಿ ತೆಗೆಸಿದ್ದು. ಎರಡನೇ ಸಾಲಿನಲ್ಲಿ ಈ ಹುಡುಗನೇ ನಿಂತಿದ್ದಾನೆ, ಮೈಮೇಲೆ ಅವನದೇ ಚೆಕ್ಸ್ ಶರ್ಟ್. ಅಪ್ಪ ಅಮ್ಮ ಭೇಟಿಯಾಗಿದ್ದು ಮುಳುಗಡೆಯವರಿಗೆ ಜಾಗ ಕೊಟ್ಟ ಊರಿನಲ್ಲಿ. ಅಜ್ಜನ ಅಕ್ಕ ಒಬ್ಬಳು ನೀರು ಬಂದ ಹೊತ್ತಿಗೆ ಹೊಳೆ ಪಾಲಾದಳು ಅಂತ ಮನೆಯಲ್ಲಿ ಹೇಳುತ್ತಾರೆ, ಅದು ಒಂದು ಸಣ್ಣ ಮಾತು ಅಷ್ಟೆ.

ಮೊದಲ ಮೂರು ಎಪಿಸೋಡ್ ಶೂಟಿಂಗ್ ಆಗಿದೆ. ಇದಕ್ಕೂ ಏಳನೆಯದಕ್ಕೂ ಏನು ಸಂಬಂಧ?

ತುಂಗಾ ದಡ (ಶಿವಮೊಗ್ಗ)

ಫೋಟೋದಲ್ಲಿ ಹುಡುಗನೇ ಇದ್ದಾನಾ! ಇದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ್ರೆ? ಅಲ್ಲಿಗೆ ಮುಗಿಯಿತು. ಅವನು ಹೋಗುವ ಮುಂಚೆಯೇ ಹೋಗಿ ಬಂದಿದ್ದಾನೆ. ರಷ್ಯಾದ ಭೌತವಿಜ್ಞಾನಿ ನೋವಿಕೋವ್ ಹೇಳಿದ್ದು ಇದನ್ನೇ: ಹಿಂದಕ್ಕೆ ಹೋದರೂ, ಆಗಿದ್ದಕ್ಕೆ ವಿರುದ್ಧವಾದದ್ದು ನಡೆಯಲು ಸಾಧ್ಯವಿಲ್ಲ. ಹುಡುಗ ಎಂಜಿನಿಯರ್ ಮುಂದೆ ಹೋಗಿ ಮಾತಾಡಲಿ, ಆ ಮಾತು ಕೇಳಿಯೇ ಅವರು ಗೇಟನ್ನು ಬೇಗ ಹಾಕಲಿ. ಕಾರಣವೂ ಪರಿಣಾಮವೂ ಸುತ್ತಿ ಸೇರುವ ಲೂಪ್ ಕೂಡಿತು.

ಕೊಡಚಾದ್ರಿ ಗಾಳಿ (ಹೊಸನಗರ)

ಫೋಟೋ ಇದ್ದರೇನಂತೆ? ಕವಲು ಒಡೆದ ಮೇಲೆ ಅದರಲ್ಲಿರುವ ಹುಡುಗ ಮಾಯವಾಗಲಿ. ಎಷ್ಟೊಂದು ಕಥೆಗಳಲ್ಲಿ ಹಾಗೆ ಮಾಡಿದ್ದಾರೆ.

ಅಡಿಕೆ ಮಂಡಿ (ಸಾಗರ)

ತುಂಗಾ ದಡ ಅವರೇ, ನೀವು ಹೇಳಿದ ಲೂಪನ್ನು ನಾನು ಒಪ್ಪುವುದಿಲ್ಲ. ಡ್ಯಾಂ ಆಗಿದ್ದು ಯಾವನೋ ಹುಡುಗನ ಮಾತಿನಿಂದ ಅಲ್ಲ. ಕರೆಂಟಿಗಾಗಿ ಸರ್ಕಾರ ಕಟ್ಟಿಸಿತು. ಆ ನೀರಿನಿಂದ 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುತ್ ಕೇಂದ್ರ ನಡೆಯುತ್ತಿದೆ. ಮುಳುಗಡೆ ಮನೆಯವರು ಇವತ್ತಿಗೂ ಹಕ್ಕುಪತ್ರ ಹಿಡಿದುಕೊಂಡು ಕಚೇರಿ ಕಚೇರಿ ಅಲೆಯುತ್ತಿದ್ದಾರೆ. ಅಂಥವರು ಟೀವಿ ಮುಂದೆ ಕೂತು, ತಮ್ಮೂರು ಮುಳುಗಿದ್ದಕ್ಕೆ ತಮ್ಮದೇ ಮನೆಯ ಮೊಮ್ಮಗ ಕಾರಣ ಅಂತ ನೋಡಬೇಕಾ? ಇದು ಸರಿಯಲ್ಲ.

ಇನ್ನೊಂದು. ಮಡೆನೂರು ಡ್ಯಾಂ ಅಂದರೆ ಹಿರೇಭಾಸ್ಕರ. ಜೋಗದ ಮಹಾತ್ಮ ಗಾಂಧಿ ವಿದ್ಯುತ್ ಕೇಂದ್ರಕ್ಕೆ ನೀರು ಕೊಡಲು ಕಟ್ಟಿದ್ದು. 1963ರಲ್ಲಿ ಅದು ಪಾಳು ಬಿದ್ದ ಡ್ಯಾಂ ಅಲ್ಲ, ನೀರು ನಿಂತಿದ್ದ ಡ್ಯಾಂ. ಹುಡುಗ ಮಳೆಗಾಲದಲ್ಲಿ ಸೈಫನ್‌ನಿಂದ ಹೊರಗೆ ಬಂದರೆ ಬದುಕುವುದೇ ಇಲ್ಲ.

ಹಿನ್ನೀರು (ಸಾಗರ)

ಅವನು ಬರುವುದು ಬೇಸಿಗೆಯಲ್ಲಿ ಸರ್. ಅದನ್ನು ಯೋಚಿಸಿದ್ದೇನೆ.

ಕೊಡಚಾದ್ರಿ ಗಾಳಿ (ಹೊಸನಗರ)

ಮಡೆನೂರು ಅಂದಿದ್ದಕ್ಕೆ ನೆನಪಾಯಿತು. ನೀರು ಇಳಿದಿದ್ದಾಗ ಅಲ್ಲಿ ನಾನು ತೆಗೆದ ವಿಡಿಯೋ ಇದೆ, ಫೋರ್‌ಕೆಯಲ್ಲಿ. ಗೋಡೆಯ ಮೇಲೆ ಒಣಗಿದ ಕೆಸರಿನ ಗೆರೆಗಳು ಸಹಿತ ಕಾಣುತ್ತವೆ. ಅಟ್ಟದ ಮೇಲೆ ಪ್ರೊಜೆಕ್ಟರ್ ಹಾಕಿಕೊಂಡಿದ್ದೇನೆ, ಗೋಡೆ ತುಂಬ ಚಿತ್ರ ಬರುತ್ತದೆ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ ಡಬ್ಬಿಯೊಳಗೆ ಬಲ್ಬ್ ಹಾಕಿ ಇಡುತ್ತೇನೆ.

ತುಂಗಾ ದಡ (ಶಿವಮೊಗ್ಗ)

ಬಲ್ಬಿಗಿಂತ ಸಿಲಿಕಾ ಜೆಲ್ ಒಳ್ಳೆಯದು. ನನ್ನದು ಫೈವ್ ಪಾಯಿಂಟ್ ಒನ್ ಸೌಂಡ್, ಎರಡು ಬ್ಯಾಟರಿಯ ಇನ್ವರ್ಟರ್. ಕರೆಂಟ್ ಹೋದರೂ ಒಂದು ಸಿನಿಮಾ ಪೂರ್ತಿ ನೋಡಬಹುದು. ಡಾರ್ಕ್ ನೋಡುವುದಿದ್ದರೆ ಜರ್ಮನ್ ಆಡಿಯೋದಲ್ಲೇ ನೋಡಬೇಕು, ಡಬ್ಬಿಂಗ್‌ನಲ್ಲಿ ಅರ್ಧ ಹೋಗುತ್ತದೆ.

ಕೊಡಚಾದ್ರಿ ಗಾಳಿ (ಹೊಸನಗರ)

ಜೆಲ್ ನಮ್ಮ ಕಡೆ ಮಳೆಗೆ ಎಲ್ಲಿ ತಡೆಯುತ್ತದೆ? ಎರಡೇ ವಾರದಲ್ಲಿ ಬಣ್ಣ ತಿರುಗುತ್ತದೆ.

ಮಳೆಕಾಡು (ತೀರ್ಥಹಳ್ಳಿ)

ಬೂಷ್ಟಿನ ವಿಷಯಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿಗೆ ಹೋಗಿ. ಇವರ ಕೆಲಸ ನಿಂತಿದೆ.

ಹಿನ್ನೀರು ಅವರೇ, ಹಿಂದಿನದು ಬದಲಾಗುತ್ತದಾ ಅನ್ನುವುದಕ್ಕೆ ಎಲ್ಲ ಕಥೆಗೂ ಹೊಂದುವ ಉತ್ತರ ಇಲ್ಲ. ನೀವು ಮೊದಲ ಎಪಿಸೋಡ್‌ನಲ್ಲಿ ಏನು ತೋರಿಸಿದಿರೋ ಅದೇ ನಿಮ್ಮ ಕಥೆಯ ಕಾನೂನು. ಫೋಟೋ ತೋರಿಸಿದ ಕೂಡಲೇ ನೀವು ನೋಡುವವರಿಗೆ ಮಾತು ಕೊಟ್ಟಾಯಿತು: ಇಲ್ಲಿ ಕಾಲ ಒಂದೇ, ಕವಲು ಇಲ್ಲ. ಈಗ ಊರು ಉಳಿಸಿದರೆ ಮಾತು ತಪ್ಪಿದ ಹಾಗೆ. ಊರು ಉಳಿದರೆ ಜಾಗ ಕೊಟ್ಟ ಊರೇ ಇಲ್ಲ, ಅಪ್ಪ ಅಮ್ಮ ಭೇಟಿಯಾಗುವುದಿಲ್ಲ, ಹುಡುಗ ಹುಟ್ಟುವುದಿಲ್ಲ. ಹುಟ್ಟದವನು ಊರು ಉಳಿಸಿದ್ದು ಹೇಗೆ? ಅದಕ್ಕೇ ನೀವು ಬರೆದಿದ್ದೆಲ್ಲ ಹರಿಯಬೇಕಾಗಿ ಬಂದಿದೆ. ಏಳನೆಯದರಲ್ಲಿ ತಪ್ಪಿಲ್ಲ, ಮೊದಲನೆಯದು ಅದನ್ನು ಒಪ್ಪುತ್ತಿಲ್ಲ.

ಹಾಗಂತ ತುಂಗಾ ದಡ ಅವರು ಹೇಳುವ ಲೂಪೂ ಬೇಡ. ಮಂಡಿ ಅಣ್ಣ ಹೇಳಿದ್ದು ನನಗೂ ಸರಿ ಅನಿಸುತ್ತದೆ. ಹುಡುಗ ಹೋಗಿದ್ದು ಯಾಕೆ ಅಂತ ಚಾನೆಲ್‌ನವರು ಕೇಳುತ್ತಾರೆ ಅಂದಿರಲ್ಲ, ಅದಕ್ಕೂ ಲೂಪಿನಲ್ಲಿ ಉತ್ತರ ಸಿಗುವುದಿಲ್ಲ.

ನಮ್ಮ ತಾಳಮದ್ದಳೆ ನೆನಪು ಮಾಡಿಕೊಳ್ಳಿ. ಕರ್ಣಪರ್ವದಲ್ಲಿ ಕರ್ಣ ಬೀಳುತ್ತಾನೆ ಅಂತ ಕೂತವರಿಗೆಲ್ಲ ಗೊತ್ತು. ಪ್ರಸಂಗದ ಪದ್ಯ ಬದಲಿಸುವ ಹಾಗಿಲ್ಲ. ಆದರೆ ಎರಡು ಪದ್ಯದ ನಡುವೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಎಷ್ಟು ಜಾಗ ಇದೆ! ಕೃಷ್ಣನನ್ನೇ ನಿರುತ್ತರ ಮಾಡುವ ಕರ್ಣರನ್ನು ನಾವು ಕೇಳಿದ್ದೇವೆ. ಆ ರಾತ್ರಿ ಆ ಕರ್ಣ ಗೆದ್ದೇ ಬೀಳುತ್ತಾನೆ. ನಿಮ್ಮ ಫೋಟೋ, ಡ್ಯಾಂ, ಮುಳುಗಿದ ಊರು ಇವೆಲ್ಲ ಪದ್ಯ. ನಡುವಿನ ಜಾಗ ಹುಡುಗನದು.

ಲಾಸ್ಟ್ ಸೀರೀಸ್‌ನ ಐದನೇ ಸೀಸನ್, 2009ರದ್ದು, ಇದಕ್ಕೆ ಒಳ್ಳೆಯ ಉದಾಹರಣೆ. ಸಯೀದ್ 1977ಕ್ಕೆ ಹೋಗಿ ಬಾಲಕ ಬೆನ್‌ಗೆ ಗುಂಡು ಹೊಡೆಯುತ್ತಾನೆ. ಬೆನ್ ಮುಂದೆ ದೊಡ್ಡವನಾಗಿದ್ದನ್ನು ನಾವು ನೋಡಿದ್ದೇವೆ, ಹಾಗಾಗಿ ಅವನು ಸಾಯುವುದಿಲ್ಲ. ಆದರೆ ಅವನನ್ನು ಉಳಿಸಲು ಯಾರು ಎಲ್ಲಿಗೆ ಹೊತ್ತುಕೊಂಡು ಹೋದರು ಅನ್ನುವುದನ್ನು ನಾವು ನೋಡಿರಲಿಲ್ಲ. ಕಥೆ ಬೆಳೆದಿದ್ದು ಆ ಜಾಗದಲ್ಲಿ.

ಇನ್ನೂ ಹತ್ತಿರದ್ದು ಡಾಕ್ಟರ್ ಹೂ, 2008ರ ಪಾಂಪೆ ಎಪಿಸೋಡ್. ಕ್ರಿಸ್ತಶಕ 79, ವೆಸೂವಿಯಸ್ ಸಿಡಿಯಲಿದೆ. ಊರು ಉಳಿಸು ಅಂತ ಜೊತೆಗಾತಿ ಡೊನ್ನಾ ಜಗಳ ಆಡುತ್ತಾಳೆ, ಕಾಲದಲ್ಲಿ ಓಡಾಡುವ ಡಾಕ್ಟರ್ ಒಪ್ಪುವುದಿಲ್ಲ. ಊರು ಹೋಗುತ್ತದೆ. ಆಗ ಅವಳು ಅಳುತ್ತಾ ಕೇಳುತ್ತಾಳೆ, ಊರು ಬೇಡ, ಒಬ್ಬರನ್ನಾದರೂ ಉಳಿಸು ಅಂತ. ಅವನು ತಿರುಗಿ ಬಂದು ಒಂದು ಮನೆಯವರನ್ನು ಕರೆದುಕೊಂಡು ಹೋಗುತ್ತಾನೆ. ಚರಿತ್ರೆ ಒಂದಿಷ್ಟೂ ಅಲುಗಲಿಲ್ಲ, ನೋಡುವವರ ಕಣ್ಣಲ್ಲಿ ಮಾತ್ರ ನೀರು.

ನಿಮ್ಮ ಕಥೆಯಲ್ಲೂ ಅಂಥವಳು ಇದ್ದಾಳೆ. ಸಣ್ಣ ಮಾತು ಅಂತ ನೀವು ಬಿಟ್ಟಿರುವ ಅಜ್ಜನ ಅಕ್ಕ! ಅವಳು ಹೊಳೆ ಪಾಲಾಗಿದ್ದನ್ನು ಕಂಡವರು ಯಾರು? ಮನೆಯಲ್ಲಿ ಹೇಳುತ್ತಾರೆ ಅಷ್ಟೆ. ಹುಡುಗ ಆರು ಎಪಿಸೋಡ್ ಡ್ಯಾಂ ನಿಲ್ಲಿಸಲು ಓಡಾಡಲಿ, ಸೋಲಲಿ. ಏಳನೆಯದರಲ್ಲಿ ಅವನಿಗೆ ಈ ಮಾತು ನೆನಪಾಗಲಿ.

ಹಿನ್ನೀರು (ಸಾಗರ)

ಅಕ್ಕ, ಅವಳು ಬದುಕಿದ್ದರೆ ಮನೆಯವರಿಗೆ ಯಾಕೆ ಗೊತ್ತಾಗಲಿಲ್ಲ ಅನ್ನುವ ಪ್ರಶ್ನೆ ಬರುತ್ತದಲ್ಲ?

ಮಳೆಕಾಡು (ತೀರ್ಥಹಳ್ಳಿ)

ಬರಲಿ, ಅದೇ ನಿಮ್ಮ ಎಂಟು ಮತ್ತು ಒಂಬತ್ತನೇ ಎಪಿಸೋಡ್. 1963ರಲ್ಲಿ ಒಬ್ಬ ಹೆಣ್ಣುಮಗಳಿಗೆ ಮನೆ ಬಿಟ್ಟು ಹೋಗಲು ಕಾರಣ ಇರಲಿಲ್ಲವಾ? ಒಪ್ಪದ ಮದುವೆ ಇರಬಹುದು, ಓದುವ ಆಸೆ ಇರಬಹುದು. ಹುಡುಕದಿರಲಿ ಅಂತ ಅವಳೇ ಸೀರೆಯನ್ನು ಹೊಳೆ ದಡದಲ್ಲಿ ಬಿಟ್ಟಿರಬಹುದು. ಊರೇ ಎದ್ದು ದಿಕ್ಕಾಪಾಲಾಗಿ ಹೋಗುವಾಗ ಯಾರು ಯಾರನ್ನು ಹುಡುಕುತ್ತಾರೆ? ಒಂದು ಮುಖ್ಯ ವಿಷಯ ಕೇಳುತ್ತೇನೆ: ಶೂಟ್ ಆಗಿರುವ ಫೋಟೋದಲ್ಲಿ ಅವಳು ಇದ್ದಾಳಾ?

ಹಿನ್ನೀರು (ಸಾಗರ)

ಇದ್ದಾಳೆ. ಹುಡುಗನ ಪಕ್ಕದಲ್ಲೇ ನಿಂತಿದ್ದಾಳೆ. ಸಾಲು ತುಂಬಲಿ ಅಂತ ಸುಮ್ನೆ ನಿಲ್ಲಿಸಿದ್ದು. ಕೈಯಲ್ಲಿ ಒಂದು ಬಟ್ಟೆ ಗಂಟೂ ಇದೆ, ಅದು ಕಲಾ ನಿರ್ದೇಶಕರು ಕೊಟ್ಟಿದ್ದು.

ಮಳೆಕಾಡು (ತೀರ್ಥಹಳ್ಳಿ)

ಗಂಟು ಇದೆಯಾ? ಹಾಗಾದರೆ ಒಂದೇ ಒಂದು ಶಾಟೂ ಮತ್ತೆ ತೆಗೆಯಬೇಕಿಲ್ಲ. ಅವಳು ಆಗಲೇ ಹೊರಟಿದ್ದಳು. ಕೊನೆಯ ಎಪಿಸೋಡ್‌ನಲ್ಲಿ ಅದೇ ಫೋಟೋ ಮತ್ತೆ ತೋರಿಸಿ, ಆ ಗಂಟಿನ ಮೇಲೆ ಕ್ಯಾಮೆರಾ ನಿಲ್ಲಲಿ.

ತುಂಗಾ ದಡ (ಶಿವಮೊಗ್ಗ)

ಇದೂ ಲೂಪೇ ಆಯಿತಲ್ಲ. ನಾನು ಮೊದಲೇ ಹೇಳಿದ್ದೆ.

ಕೊಡಚಾದ್ರಿ ಗಾಳಿ (ಹೊಸನಗರ)

ನನಗೆ ಈಗಲೂ ಊರು ಉಳಿದ ಕವಲೇ ಇಷ್ಟ. ಅದಕ್ಕೆ ಬೇರೆ ಥ್ರೆಡ್ ತೆರೆಯುತ್ತೇನೆ, "ಲಿಂಗನಮಕ್ಕಿ ಆಗದಿದ್ದರೆ" ಅಂತ. ಬರುವವರು ಬನ್ನಿ.

ಹಿನ್ನೀರು (ಸಾಗರ)

ಏಳನೆಯದು ಬರೆಯಲು ಕೂತಿದ್ದೇನೆ, ಓಡುತ್ತಿದೆ. ಅಕ್ಕನಿಗೆ ತುಂಬಾ ಧನ್ಯವಾದ. ಅವಳು ಹೊಳೆ ದಾಟುವ ಸೀನ್ ಹೊಳೆಬಾಗಿಲು ಕಡೆ ತೆಗೆಯೋಣ ಅಂತಿದ್ದೇವೆ. ನೀರಿನ ಮಟ್ಟ ಎಲ್ಲಿಯವರೆಗೆ ಇರಬೇಕು?

ಅಡಿಕೆ ಮಂಡಿ (ಸಾಗರ)

ಅಲ್ಲಿ ಬೇಡ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಶುರುವಾದ ಮೇಲೆ ಆ ಕಡೆ ಎಲ್ಲಿ ಕ್ಯಾಮೆರಾ ಇಟ್ಟರೂ ಕೇಬಲ್ ಕಾಣುತ್ತದೆ. ಡ್ಯಾಂನ ಪೂರ್ತಿ ಮಟ್ಟ 1,819 ಅಡಿ, ನಿಮ್ಮ ಸೀನಿಗೆ ಅಷ್ಟು ತುಂಬಿರಬಾರದು, ಹೊಳೆ ಹೊಳೆಯಾಗಿಯೇ ಕಾಣಬೇಕು. ಬೇಸಿಗೆ ಕೊನೆಯಲ್ಲಿ, ಮೇ ತಿಂಗಳಲ್ಲಿ ಇಟ್ಟುಕೊಳ್ಳಿ. ಸೇತುವೆ ಕಾಣದ ಎರಡು ಜಾಗ ನನಗೆ ಗೊತ್ತು, ಮರದ ದೋಣಿಯೂ ಸಿಗುತ್ತದೆ. ಇಲ್ಲೇ ಮೆಸೇಜ್ ಹಾಕಿ, ಕರೆದುಕೊಂಡು ಹೋಗುತ್ತೇನೆ. ಬರುವಾಗ ಆ ಬಸ್ ಟಿಕೆಟ್‌ನ ಮಾದರಿಯನ್ನೂ ತನ್ನಿ, ನೋಡಿ ಹೇಳುತ್ತೇನೆ.