ಆನೆಗೊಂದಿ: ಸಂಘದಿಂದ ಹೋಂಸ್ಟೇ, ಅನುಮತಿ ಮತ್ತು ಹಣದ ಹಂಚಿಕೆ

ತುಂಗಾತೀರ:
ಆನೆಗೊಂದಿಯ ಮಹಿಳಾ ಸಂಘದ ಆರು ಮನೆಯವರು ತಲಾ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡಬೇಕೆಂದಿದ್ದಾರೆ. ಎಲ್ಲವೂ ಹಳೆಯ ಮಣ್ಣಿನ ಗೋಡೆಯ ಮನೆಗಳು. ಮೊದಲು ಯಾರ ಅನುಮತಿ ಬೇಕು? ಹಣ ಹೇಗೆ ಹಂಚಿಕೊಂಡರೆ ಮುಂದೆ ಮನಸ್ತಾಪ ಬಾರದು?

ಕಮಲಾಪುರ_ಕೆರೆ:
ಆನೆಗೊಂದಿ ಹಂಪಿಯ ಪರಂಪರೆ ಪ್ರದೇಶದೊಳಗೇ ಬರುತ್ತದೆ, ಆದ್ದರಿಂದ ಗೋಡೆಗೆ ಕೈ ಹಚ್ಚುವ ಮೊದಲೇ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಬರೀ ಪಂಚಾಯಿತಿ ಪತ್ರ ಸಾಲದು. ಹಂಪಿಯ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದ ರೆಸಾರ್ಟ್‌ಗಳು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನೆಲಸಮವಾದವು. ಅಲ್ಲಿ ದುಡಿಯುತ್ತಿದ್ದವರ ಕೆಲಸವೂ ಹೋಯಿತು. ಆಮೇಲೆ ಪ್ರವಾಸೋದ್ಯಮ ಇಲಾಖೆಯ ನೋಂದಣಿ: ಗರಿಷ್ಠ 5 ಕೋಣೆ, ಮನೆಯವರು ಅಲ್ಲೇ ವಾಸವಿರಬೇಕು, ಪೊಲೀಸರ ನಿರಾಕ್ಷೇಪಣಾ ಪತ್ರವೂ ಬೇಕು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು.

ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಮಾತ್ರ ಬೇಡವೇ ಬೇಡ. ಒಳಗಿನ ತೇವ ಹೊರಬರಲಾಗದೆ ಹಪ್ಪಳದ ಹಾಗೆ ಎದ್ದುಬರುತ್ತದೆ. ಸುಣ್ಣದ ಗಾರೆಯೇ ಸರಿ.

ಲೆಕ್ಕದ_ಪುಸ್ತಕ:
ಜಗಳ ಹುಟ್ಟುವುದು ಬಾಡಿಗೆಯಿಂದಲ್ಲ, ಅತಿಥಿಗಳೆಲ್ಲ ಒಂದೇ ಮನೆಗೆ ಹೋಗುವುದರಿಂದ. ಪ್ರತಿ ಮನೆಯೂ ಬುಕಿಂಗ್ ಆ್ಯಪ್‌ನಲ್ಲಿ ಬೇರೆಬೇರೆಯಾಗಿ ಸೇರಿದರೆ ಚೆಂದದ ಫೋಟೊ ಇರುವ ಮನೆ ತುಂಬುತ್ತದೆ, ಉಳಿದವರು ಆರೇ ತಿಂಗಳಲ್ಲಿ ಕೈಬಿಡುತ್ತಾರೆ. ಆದ್ದರಿಂದ ಒಂದೇ ಫೋನ್ ನಂಬರ್, ಒಂದೇ ದರ, ಎಲ್ಲರಿಗೂ ಕಾಣುವ ಪಾಳಿ ಪಟ್ಟಿ. ಅತಿಥಿ ಇಂಥ ಮನೆಯೇ ಬೇಕೆಂದರೆ ಕೊಡಿ, ಆದರೆ ಅದನ್ನು ಆ ಮನೆಯ ಪಾಳಿಯೆಂದೇ ಬರೆದುಕೊಳ್ಳಿ. ಪಾಳಿ ಬಂದಾಗ ಒಲ್ಲೆ ಎಂದವರು ಪಟ್ಟಿಯ ಕೊನೆಗೆ.

ಬಾಡಿಗೆ 1,500 ರೂಪಾಯಿ ಎಂದಿಟ್ಟುಕೊಳ್ಳಿ: ಮನೆಗೆ 1,050, ಹಾಸಿಗೆ ಬಟ್ಟೆ ಒಗೆಯುವವರಿಗೆ 225, ಊರಿನ ನಿಧಿಗೆ 150, ಫೋನ್ ಮತ್ತು ಲೆಕ್ಕ ನೋಡುವವರಿಗೆ 75. ಊಟದ ಹಣ ಇದರಲ್ಲಿ ಬೆರೆಸಬೇಡಿ. ರೊಟ್ಟಿ ಬಡಿದವರಿಗೇ ಸೇರಲಿ. ನಿಧಿಯ ಲೆಕ್ಕವನ್ನು ಪ್ರತಿ ತಿಂಗಳು ಸಂಘದ ಸಭೆಯಲ್ಲಿ ಓದಿ ಸಹಿ ಹಾಕಿಸಿ. ನಿಧಿಯಿಂದ ಮೊದಲು ಕಸದ ಗಾಡಿ, ಬೀದಿ ದೀಪ ಆಗಲಿ. ಕೋಣೆ ಇಲ್ಲದ ಮನೆಯವರಿಗೂ ಪ್ರವಾಸಿಗರಿಂದ ಏನಾದರೂ ಸಿಗಬೇಕಲ್ಲ.

ತುಂಗಾತೀರ:
ಪಾಳಿಯ ವಿಷಯ ಹೊಳೆದೇ ಇರಲಿಲ್ಲ, ಧನ್ಯವಾದ. ಎರಡು ಮನೆಗಳಲ್ಲಿ ಶೌಚಾಲಯಕ್ಕೆ ತಲಾ ಒಂದೇ ಗುಂಡಿ ಇದೆ, ನಡೆಯುತ್ತದೆಯೇ?

ಕಮಲಾಪುರ_ಕೆರೆ:
ಅತಿಥಿಗಳು ಬಂದರೆ ಬೇಗ ತುಂಬುತ್ತದೆ. ಜೋಡಿ ಗುಂಡಿ ಮಾಡಿಸಿ. ಒಂದು ತುಂಬಿದ ಮೇಲೆ ಮುಚ್ಚಿ ಎರಡು ವರ್ಷ ಬಿಟ್ಟರೆ ಗೊಬ್ಬರವಾಗುತ್ತದೆ, ಅಷ್ಟರಲ್ಲಿ ಇನ್ನೊಂದನ್ನು ಬಳಸಬಹುದು. ಸ್ನಾನದ ನೀರು ಅದರೊಳಗೆ ಹೋಗಕೂಡದು, ಬಾಳೆ ಗಿಡಕ್ಕೆ ತಿರುಗಿಸಿ. ಬಾವಿ, ಬೋರ್‌ವೆಲ್‌ನಿಂದ ಕನಿಷ್ಠ 15 ಮೀಟರ್ ದೂರವಿರಲಿ. ಹೊಳೆದಂಡೆಯ ಮನೆಗಳಲ್ಲಿ ಅಗೆದಾಗ ನೀರು ಮೇಲೇ ಸಿಕ್ಕರೆ ಹೀಗೆ ನೆಲಕ್ಕೆ ನೀರಿಂಗುವ ಗುಂಡಿ ಬೇಡ, ತಳಕ್ಕೂ ಕಾಂಕ್ರೀಟ್ ಹಾಕಿದ ಮುಚ್ಚಿದ ತೊಟ್ಟಿ ಕಟ್ಟಿಸಿ. ಅಗೆಯುವುದಕ್ಕೂ ಪ್ರಾಧಿಕಾರವನ್ನು ಮೊದಲೇ ಕೇಳಿ.