ಡಬ್ಲಿನ್ನಿನ ಮೂರ್ ಬೀದಿ: ನಾಲ್ಕು ಮನೆ ಉಳಿದರೆ ಸಾಕೇ?

ಪ್ರಶ್ನೆ (ಡಬ್ಲಿನ್ ನಿವಾಸಿ):
ನಾನು ತರಕಾರಿ ಕೊಳ್ಳಲು ಮೂರ್ ಬೀದಿಗೆ ಹೋಗುತ್ತಿರುತ್ತೇನೆ. 1916ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಐರ್ಲೆಂಡಿನಲ್ಲಿ ನಡೆದ ಈಸ್ಟರ್ ದಂಗೆಯ ನಾಯಕರು ಶರಣಾಗಲು ನಿರ್ಧರಿಸಿದ್ದು ಇಲ್ಲಿನ 16ನೆಯ ಮನೆಯಲ್ಲಿ ಎಂದು ತಿಳಿದ ಮೇಲೆ, ಆ ಸಾಲಿನ ಮುಚ್ಚಿದ ಬಾಗಿಲುಗಳನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. 14ರಿಂದ 17ರವರೆಗಿನ ಮನೆಗಳು 2007ರಲ್ಲೇ ರಾಷ್ಟ್ರೀಯ ಸ್ಮಾರಕವಾಗಿವೆ. ಹಾಗಿದ್ದೂ ಇಡೀ ಸಾಲನ್ನು ಉಳಿಸಬೇಕೆಂಬ ಬೇಡಿಕೆ ಏಕೆ?

ಉತ್ತರ 1 (ಇತಿಹಾಸದ ವಿದ್ಯಾರ್ಥಿ):
ಆ ನಾಲ್ಕು ಮನೆಗಳಲ್ಲಿ ಕಥೆಯ ಕೊನೆ ಮಾತ್ರ ಇದೆ. ಏಪ್ರಿಲ್ 28ರ ಸಂಜೆ, ಹೊತ್ತಿ ಉರಿಯುತ್ತಿದ್ದ ಪ್ರಧಾನ ಅಂಚೆ ಕಚೇರಿಯನ್ನು ತೊರೆದ ಹೋರಾಟಗಾರರು ಹೆನ್ರಿ ಪ್ಲೇಸ್ ಓಣಿಯಿಂದ ಬಂದು ಈ ಸಾಲಿನ ತುದಿಯ 10ನೆಯ ಮನೆಯನ್ನು ಹೊಕ್ಕರು. ಬೀದಿಗೆ ಕಾಲಿಟ್ಟರೆ ಬ್ರಿಟಿಷ್ ಸೈನಿಕರ ಗುಂಡಿಗೆ ಬಲಿಯಾಗುವ ಸ್ಥಿತಿಯಿದ್ದುದರಿಂದ ಮನೆಗಳ ನಡುಗೋಡೆಗಳನ್ನು ಒಂದೊಂದಾಗಿ ಒಡೆದು ಕಂಡಿ ಕೊರೆಯುತ್ತ ಮುಂದೆ ಸಾಗಿದರು. ಕಾಲಿಗೆ ಗುಂಡು ತಗುಲಿದ್ದ ನಾಯಕ ಜೇಮ್ಸ್ ಕಾನೊಲಿಯವರನ್ನು ಆ ಕಂಡಿಗಳಲ್ಲೇ ಹೊತ್ತು ತಂದರು. ಮರುದಿನ ಎಲಿಜಬೆತ್ ಓಫ್ಯಾರೆಲ್ ಎಂಬ ದಾದಿ ಬಿಳಿ ಬಾವುಟ ಹಿಡಿದು ಸಂಧಾನಕ್ಕೆ ಹೊರಟರು. ದಂಗೆಯ ಮತ್ತೊಬ್ಬ ನಾಯಕ ಪ್ಯಾಟ್ರಿಕ್ ಪಿಯರ್ಸ್ ಸಹಿ ಮಾಡಿದ ಆದೇಶದಲ್ಲಿ ಶರಣಾಗತಿಗೆ ಕೊಟ್ಟ ಮೊದಲ ಕಾರಣ, ಡಬ್ಲಿನ್ ನಾಗರಿಕರ ಹತ್ಯೆ ಇನ್ನೂ ಮುಂದುವರಿಯಬಾರದು ಎಂಬುದು. ಮನೆಯಿಂದ ಮನೆಗೆ ಸಾಗಿದ ಈ ದಾರಿಯೇ ನನ್ನ ದೃಷ್ಟಿಯಲ್ಲಿ ನಿಜವಾದ ಸ್ಮಾರಕ. ಅದನ್ನು ನಡುವೆ ತುಂಡರಿಸಿದರೆ ಉಳಿದ ಕೋಣೆಗಳಿಗೆ ಅರ್ಥವಿರುವುದಿಲ್ಲ.

ಉತ್ತರ 2 (ಕಟ್ಟಡ ಶಿಲ್ಪಿ):
ಒಪ್ಪುತ್ತೇನೆ, ಆದರೆ ಎದುರು ವಾದವನ್ನೂ ಗಮನಿಸಬೇಕು. ಸಾಲಿನ ಎಲ್ಲ ಕಟ್ಟಡಗಳೂ 1916ರವಲ್ಲ. ಕೆಲವು ಆನಂತರ ಕಟ್ಟಿದವು. 2016ರಲ್ಲಿ ಹೈಕೋರ್ಟ್ ಸುತ್ತಲಿನ ಓಣಿಗಳನ್ನೂ ಸೇರಿಸಿ ರಾಷ್ಟ್ರೀಯ ಸ್ಮಾರಕವೆಂದು ತೀರ್ಪಿತ್ತಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಹೀಗಾಗಿ ಯಾವ ಗೋಡೆ ಹಳೆಯದು, ಯಾವುದರಲ್ಲಿ ಕಂಡಿಯ ಗುರುತಿದೆ ಎಂಬುದನ್ನು ಮೊದಲು ಸೂಕ್ಷ್ಮವಾಗಿ ದಾಖಲಿಸಬೇಕು.

ಉತ್ತರ 3 (ಹಳೆಯ ಗಿರಾಕಿ):
ತಲೆಮಾರುಗಳಿಂದ ಇಲ್ಲಿ ಹಣ್ಣು, ಹೂವು, ಮೀನು ಮಾರುತ್ತಿರುವ ಹೆಂಗಸರನ್ನು ಮರೆಯಬೇಡಿ. ಅವರ ಗಾಡಿಗಳನ್ನು ಎಬ್ಬಿಸಿ ಕಟ್ಟಡ ಉಳಿಸುವುದಾದರೆ ಅದನ್ನು ಸಂರಕ್ಷಣೆ ಎನ್ನಲಾರೆ. ಪ್ರಶ್ನೆ ಕೇಳಿದವರು ಮುಂದಿನ ಸಲ ಬೀದಿಯ ಉತ್ತರ ತುದಿಯ ಓರಾಹಿಲಿ ಪೆರೇಡ್‌ಗೂ ಹೋಗಿ ಬನ್ನಿ. ಇದೇ ಬೀದಿಯಲ್ಲಿ ಮುನ್ನುಗ್ಗುವಾಗ ಗುಂಡೇಟು ತಿಂದ ದಂಗೆಯ ಹೋರಾಟಗಾರ ಮೈಕೆಲ್ ಓರಾಹಿಲಿ, ಮಗ ಕಳಿಸಿದ್ದ ಚೀಟಿಯ ಹಿಂಬದಿಯಲ್ಲಿ ಹೆಂಡತಿಗೆ ಬರೆದ ಕೊನೆಯ ಪತ್ರವನ್ನು ಅಲ್ಲಿನ ಗೋಡೆಯ ಫಲಕದಲ್ಲಿ ಓದಬಹುದು.